ಮೀನಿನ ಹೊಂಡದಲ್ಲಿ ಬಿದಿರು ನೆಟ್ಟು ನೋಡಿದೆ

ಮೀನು ಸಾಕಣೆ ಅಂದಕೂಡಲೇ ಮಾತು ಬರುವುದು ಮರಿ, ಹಿಂಡಿ, ನೀರು ಈ ಮೂರರದ್ದೇ. ಮಲೆನಾಡಿನ ನಮ್ಮ ಅಡಿಕೆ ತೋಟದ ಹೊಂಡದಲ್ಲಿ ನನಗೆ ಇವುಗಳಷ್ಟೇ ಮುಖ್ಯವಾಗಿದ್ದು ಮರ.

ಮರದ ಮೊದಲ ಕೆಲಸ ಕೊಲ್ಲುವುದು. ಬೇಸಿಗೆಯಲ್ಲಿ ನೀರು ಇಳಿದರೂ ಕೆಸರಲ್ಲಿ ಕೊರವ, ಮುರುಗೋಡು ಎಂಬ ಬೇಟೆಮೀನುಗಳು ಉಳಿದಿರುತ್ತವೆ. ಬಿಟ್ಟ ಮರಿಯನ್ನೆಲ್ಲ ಅವೇ ನುಂಗುತ್ತವೆ. ಅದಕ್ಕೆ ಹಿಪ್ಪೆ ಮರದ ಬೀಜದ ಹಿಂಡಿ ನೆನೆಸಿ ಎರಚುತ್ತೇನೆ. ಒಂದು ಮೀಟರ್ ಆಳದ ನೀರಿಗೆ ಎಕರೆಗೆ ಸುಮಾರು 1,000 ಕೆ.ಜಿ. ಬೇಕು, ಹಾಗಾಗಿ ನೀರು ತೀರ ಕಡಿಮೆ ಇದ್ದಾಗಲೇ ಮಾಡುವುದು ಲಾಭ. ಅದರಲ್ಲಿರುವ ಸಪೋನಿನ್ ಎಂಬ ವಿಷ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎರಡು ಮೂರು ವಾರದಲ್ಲಿ ವಿಷ ಇಳಿದು, ಅದೇ ಹಿಂಡಿ ಹೊಂಡಕ್ಕೆ ಗೊಬ್ಬರವಾಗುತ್ತದೆ.

ಆಮೇಲೆ ಬಿದಿರು. ನೀರಲ್ಲಿ ನಿಂತ ಕಂಬಕ್ಕೆ ಹತ್ತಿಪ್ಪತ್ತು ದಿನದಲ್ಲಿ ಲೋಳೆ ಹಿಡಿಯುತ್ತದೆ: ಪಾಚಿ, ಬ್ಯಾಕ್ಟೀರಿಯಾ, ಅವುಗಳ ನಡುವೆ ಸಣ್ಣ ಹುಳ. ವಿಜ್ಞಾನಿಗಳು ಇದನ್ನು ಪೆರಿಫೈಟಾನ್ ಅನ್ನುತ್ತಾರೆ. ರೋಹು ಮೀನಿಗೆ ಇದು ಹಬ್ಬದೂಟ. ಅದರ ಜಾಲರಿಯಂಥ ತುಟಿ ಇಂಥದ್ದನ್ನು ಕೆರೆದು ತಿನ್ನಲು ಹೇಳಿ ಮಾಡಿಸಿದಂತಿದೆ. ಕಾಟ್ಲಾ ಮೇಲ್ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುವ ಮೀನು, ಅದಕ್ಕೆ ಕಂಬದಿಂದ ನೇರ ಪ್ರಯೋಜನ ಕಡಿಮೆ. ಹಾಗಾಗಿ ಬಿದಿರು ನೆಟ್ಟಲ್ಲಿ ರೋಹು ಹೆಚ್ಚು ಬಿಡಿ ಎಂಬುದು ನನ್ನ ಗಟ್ಟಿ ಸಲಹೆ. ಬಾಂಗ್ಲಾದೇಶದ ಮೀನುಗಾರರು ನದಿಯಲ್ಲಿ ಕೊಂಬೆಗಳನ್ನು ಹೂತು ಮೀನು ಸೇರಿಸುತ್ತಾರೆ, ಅದಕ್ಕೆ 'ಕಾಠಾ' ಎಂದು ಹೆಸರು. ಆಫ್ರಿಕಾದ ಬೆನಿನ್‌ನ ಹಿನ್ನೀರಿನಲ್ಲಿ ಇಂಥದ್ದೇ 'ಅಕಾಜಾ' ಇದೆ.

ಬಲಿತ ಕಿರುಬಿದಿರನ್ನೇ ಆರಿಸಿ, ಎಲೆ, ಸಣ್ಣ ರೆಂಬೆ ಪೂರ್ತಿ ಸವರುತ್ತೇನೆ. ಹಸಿರೆಲೆ ನೀರಲ್ಲಿ ಕೊಳೆತರೆ ಆಮ್ಲಜನಕ ಇಳಿದು, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಕಂಡಕಂಡ ಮರದ ಕೊಂಬೆ ಮಾತ್ರ ಬೇಡ, ಕೆಲವು ಮೀನಿಗೆ ವಿಷ. ಕಾರೆಕಾಯಿ ಅರೆದು ಹಾಕಿ ಮೀನು ಹಿಡಿಯುತ್ತಿದ್ದುದು ನಮ್ಮ ಕಡೆಯ ಹಿರಿಯರಿಗೆಲ್ಲ ಗೊತ್ತು. ಬಿದಿರಿನಲ್ಲಿ ಆ ಭಯವಿಲ್ಲ.

ಮೂರಡಿಗೊಂದರಂತೆ ಕಂಬ ನೆಡುತ್ತೇನೆ, ಬಿಸಿಲು ಬೀಳುವ ಕಡೆಗೇ. ಬೆಳಕಿಲ್ಲದಿದ್ದರೆ ಪಾಚಿ ಬೆಳೆಯದು. ತುದಿ ನೀರಿನಿಂದ ಒಂದು ಗೇಣು ಕೆಳಗಿರಲಿ, ಇಲ್ಲದಿದ್ದರೆ ಮಿಂಚುಳ್ಳಿ, ನೀರುಕಾಗೆಗಳಿಗೆ ನಾವೇ ಆಸನ ಹಾಕಿಕೊಟ್ಟಂತೆ. ನಾಲ್ಕು ಮೂಲೆಯಲ್ಲಿ ಮಾತ್ರ ಗುರುತಿಗೆ ಉದ್ದ ಕಂಬ ಬಿಡುತ್ತೇನೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ನೆಡಲೇಬೇಡಿ, ಹಾಳೆ ತೂತಾಗುತ್ತದೆ. ಅಲ್ಲಿ ಮೇಲೆ ಅಡ್ಡಕ್ಕೆ ಗಳ ಕಟ್ಟಿ ಬಿದಿರನ್ನು ಇಳಿಬಿಡಬಹುದು. ಕಂಬಗಳ ನಡುವೆ ಬೀಸುಬಲೆ ಸಿಕ್ಕಿಕೊಳ್ಳುವುದರಿಂದ ರಾತ್ರಿ ಕಳ್ಳರ ಕಾಟವೂ ತಗ್ಗುತ್ತದೆ.

ಹಿಂಡಿ, ತೌಡು ನಾನು ಪೂರ್ತಿ ನಿಲ್ಲಿಸಿಲ್ಲ, ಕಡಿಮೆ ಮಾಡಿದ್ದೇನೆ. ಕಂಬದ ಮೇಲೆ ಲೋಳೆ ದಪ್ಪಗಿದ್ದರೆ ಆ ದಿನ ಮೇವು ಕೈಬಿಡುತ್ತೇನೆ. ಬೆರಳಲ್ಲಿ ಉಜ್ಜಿದಾಗ ಲೋಳೆಯಿಲ್ಲದೆ ಬಿದಿರು ನುಣ್ಣಗೆ ಸಿಕ್ಕರೆ ಮೀನಿಗೆ ಹಸಿವಿದೆ ಎಂದೇ ಲೆಕ್ಕ.

ಬಲೆ ಎಳೆಯುವ ಮುನ್ನ ಕಂಬಗಳನ್ನೆಲ್ಲ ಕೀಳಲೇಬೇಕು. ಈ ವಿಧಾನದಲ್ಲಿ ಹೆಚ್ಚು ಆಳು ಬೇಡುವ ಕೆಲಸ ಅದೊಂದೇ. ತಿಂಗಳುಗಟ್ಟಲೆ ನೆನೆದ ಬಿದಿರಿನ ಪಿಷ್ಟ ನೀರಿಗೆ ಇಳಿದಿರುವುದರಿಂದ ಕೊರೆಹುಳ ಅಷ್ಟಾಗಿ ಮುತ್ತುವುದಿಲ್ಲ. ಗಟ್ಟಿ ಇದ್ದದ್ದನ್ನು ಒಣಗಿಸಿ ಅವರೆ ಚಪ್ಪರಕ್ಕೆ ಹಾಕುತ್ತೇವೆ, ಮೆತ್ತಗಾದದ್ದು ಒಲೆಗೆ.