ಅಲಾಯ್ ವೀಲ್‌ಗೆ ಹಬ್ ರಿಂಗ್ ಬೇಕಾ? ನನ್ನ ಸ್ಟೀರಿಂಗ್ ನಡುಗಿದ ಕಥೆ

ನಮ್ಮದು 2015ರ ಹೋಂಡಾ ಸಿಟಿ. ತಗೊಂಡಾಗ ಸ್ಟೀಲ್ ರಿಮ್ ಇತ್ತು. ಹುಬ್ಬಳ್ಳಿಯ ಗುಂಡಿಗಳಲ್ಲಿ ಇಳಿದು ಹತ್ತಿ ಎರಡು ರಿಮ್‌ಗಳ ಅಂಚು ಬಾಗಿತ್ತು. ಬಡಿಸಿ ಸರಿ ಮಾಡಿಸುವ ಬದಲು ಅಲಾಯ್ ಹಾಕಿಸೋಣ ಅಂತ ಮಗ ಹಟ ಹಿಡಿದ. ನನಗೂ ಒಳಗೊಳಗೇ ಆಸೆ ಇತ್ತು ಅನ್ನಿ. 15 ಇಂಚಿನ, 4×100 ಪಿಸಿಡಿಯ (ಅಂದರೆ ನಾಲ್ಕು ನಟ್ ತೂತು, ಅವು ಇರುವ ವೃತ್ತದ ಅಡ್ಡಳತೆ 100 ಮಿಲಿಮೀಟರ್) ಒಂದು ಸೆಟ್ ತಂದೆವು. ಟೈರ್ ಹಳೆಯದೇ, 175/65.

ಮೊದಲ ಭಾನುವಾರವೇ ಬೆಳಗಾವಿಗೆ ಹೊರಟೆವು. ಧಾರವಾಡ ದಾಟಿ ವೇಗ 85 ಮುಟ್ಟಿದ್ದೇ ತಡ, ಸ್ಟೀರಿಂಗ್ ಕೈಯಲ್ಲಿ ಜುಮ್ಮೆನ್ನತೊಡಗಿತು. 95ಕ್ಕೆ ಡ್ಯಾಶ್‌ಬೋರ್ಡ್ ಮೇಲಿನ ಗಣಪನೂ ತಲೆ ಆಡಿಸುತ್ತಿದ್ದ. ಅದರಾಚೆ ಓಡಿಸುವ ಧೈರ್ಯ ಆಗಲಿಲ್ಲ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಾಗಲಿಲ್ಲ, ಹಾಗಾಗಿ ಡಿಸ್ಕ್ ಮೇಲೆ ಅನುಮಾನ ಬರಲಿಲ್ಲ.

ಎರಡು ಅಂಗಡಿಗಳಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿದೆ. ಎರಡೂ ಕಡೆ ಮೆಷಿನ್ ಸೊನ್ನೆ ತೋರಿಸಿತು, ಅಂದರೆ ಗಾಲಿಯ ತೂಕ ಸುತ್ತಲೂ ಸಮ. ಒಬ್ಬರು ಟೈರ್ ಹಳೇದಾಗಿದೆ ಅಂದರು. ಇನ್ನೊಬ್ಬರು ಅಲೈನ್‌ಮೆಂಟ್ ಅಂದರು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರ್ ಸವೆಯುತ್ತೆ, ಇಂಥ ನಡುಕ ಬರೋದಿಲ್ಲ. ಗೊತ್ತಿದ್ದೂ ದುಡ್ಡು ಕೊಟ್ಟು ಬಂದೆ.

ಕೊನೆಗೆ ಮನೆ ಮುಂದೆ ಜಾಕಿ ಹಚ್ಚಿ ನಾನೇ ಒಂದು ಗಾಲಿ ಬಿಚ್ಚಿದೆ. ಅಲಾಯ್ ನಡುವಿನ ತೂತು ದೊಡ್ಡದು, ಅದು ಕೂರಬೇಕಾದ ಹಬ್‌ನ (ಕಾರಿನ ಕಡೆ ಗಾಲಿ ಹಿಡಿಯುವ ಭಾಗದ) ಮೂತಿ ಚಿಕ್ಕದು. ವರ್ನಿಯರ್ ಹಿಡಿದರೆ ತೂತು 73.1 ಮಿಲಿಮೀಟರ್, ಮೂತಿ 56.1. ಸುತ್ತಲೂ ಎಂಟೂವರೆ ಮಿಲಿಮೀಟರ್ ಖಾಲಿ. ಸ್ಟೆಪ್ನಿಯ ಸ್ಟೀಲ್ ರಿಮ್ ತಂದು ಹಬ್‌ಗೆ ಹಿಡಿದೆ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು.

ಕಾರು ಕಂಪನಿಯದಲ್ಲದ, ಹೊರಗಿನ ಅಲಾಯ್ ಮಾಡುವವರು ತೂತು ದೊಡ್ಡದಾಗಿ ಕೊಡುವುದಕ್ಕೆ ಕಾರಣ ಇದೆ. ಸ್ವಿಫ್ಟ್, ಐ20 ಹಬ್ 54.1. ಹೋಂಡಾದ್ದು 56.1. ಪಿಸಿಡಿ ಮಾತ್ರ ಎಲ್ಲಕ್ಕೂ 4×100. ತೂತು ದೊಡ್ಡದಿದ್ದರೆ ಒಂದೇ ರಿಮ್ ಎಲ್ಲರಿಗೂ ಮಾರಬಹುದು. ಆ ಖಾಲಿ ಜಾಗ ತುಂಬುವ ಬಳೆಯೇ ಹಬ್ ರಿಂಗ್.

ಇಲ್ಲಿಂದ ಸಲಹೆಗಳ ಮಳೆ. ರಿಂಗ್ ಇಲ್ಲದಿದ್ದರೆ ಕಾರಿನ ಭಾರವೆಲ್ಲ ಸ್ಟಡ್ (ಹಬ್‌ನಿಂದ ಹೊರಚಾಚಿದ, ನಟ್ ಹಚ್ಚುವ ಗೂಟ) ಮೇಲೆ ಬಿದ್ದು ಅವು ಮುರಿಯುತ್ತವೆ ಅಂತ ಒಬ್ಬರು. ಪ್ಲಾಸ್ಟಿಕ್ ಬಳೆಗೆ ಯಾಕೆ ದುಡ್ಡು ಹಾಳು ಮಾಡ್ತೀರಿ ಅಂತ ಇನ್ನೊಬ್ಬರು. ಮೊದಲನೆಯದನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಈ ಕಾರಿನ ನಟ್ ಬಿಗಿಸಬೇಕಾದ್ದು 108 ನ್ಯೂಟನ್ ಮೀಟರ್‌ಗೆ. ಸ್ಟಡ್ 12 ಮಿಲಿಮೀಟರ್. ಅಷ್ಟು ಬಿಗಿಸಿದರೆ ಒಂದೊಂದು ನಟ್ ರಿಮ್ಮನ್ನು ಹಬ್‌ಗೆ ಸುಮಾರು ನಾಲ್ಕೂವರೆ ಟನ್ ಒತ್ತಿ ಹಿಡಿಯುತ್ತೆ. ನಾಲ್ಕು ಸೇರಿ 18 ಟನ್. ಆ ಒತ್ತಡದಲ್ಲಿ ಹುಟ್ಟುವ ಘರ್ಷಣೆಯೇ ಗಾಲಿಯನ್ನು ಜಾರದಂತೆ ಹಿಡಿಯುವುದು. ಒಂದು ಗಾಲಿ ಮೇಲೆ ಬೀಳುವ ಭಾರ 300 ಕಿಲೋ ಆಸುಪಾಸು. ಅಂದರೆ ಭಾರ ಹೊರುವ ಕೆಲಸ ರಿಂಗ್‌ಗೆ ಇಲ್ಲವೇ ಇಲ್ಲ. ನಟ್ ಬಿಗಿಸುವ ಹೊತ್ತಿಗೆ ಗಾಲಿಯನ್ನು ನಟ್ಟನಡುವೆ ಹಿಡಿದಿಟ್ಟರೆ ಅದರ ಕೆಲಸ ಮುಗಿಯಿತು.

ಆದರೂ ನಡುಕ ಯಾಕೆ? ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ನನಗೆ ಗೊತ್ತಿರುವ ಒಬ್ಬ ಲೇತ್ ಕಾಕಾ ಇದ್ದಾರೆ. ಗಾಲಿ ಎಷ್ಟು ಓಲಾಡುತ್ತೆ ಅಂತ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಕೇಳಲು ಅವರ ಬಳಿ ಹೋದೆ. ಗೇಜ್ ಕೊಟ್ಟು ಕಳಿಸುವ ಜಾತಿ ಅಲ್ಲ ಅವರು. ಗಾಡಿಯನ್ನೇ ಶೆಡ್‌ಗೆ ತರಿಸಿದರು.

ಜಾಕಿ ಮೇಲೆ ಎತ್ತಿ, ರಿಮ್ ಅಂಚಿಗೆ ಗೇಜ್ ಇಟ್ಟು, ಗಾಲಿಯನ್ನು ಮೆಲ್ಲಗೆ ತಿರುಗಿಸಿದರು. ಮುಳ್ಳು ಮೇಲೆ ಕೆಳಗೆ ಸೇರಿ 1.1 ಮಿಲಿಮೀಟರ್ ಆಡಿತು. ಎತ್ತರ ಬಂದ ಜಾಗಕ್ಕೆ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದರು. ಗಾಲಿ ಬಿಚ್ಚಿ, ಮತ್ತೆ ಹಾಕಿ, ಮತ್ತೆ ತಿರುಗಿಸಿದರು. ಈ ಸಲ ಎತ್ತರ ಬೇರೆ ಜಾಗಕ್ಕೆ ಹೋಗಿತ್ತು.

"ತಮ್ಮಾ, ರಿಮ್ ಡೊಂಕಿಲ್ಲೋ. ರಿಮ್ ಡೊಂಕಿದ್ರ ಗೆರಿ ಅಲ್ಲೇ ಇರ್ತಿತ್ತು. ಕೂಡಿಸೋದ್ರಾಗ ತಪ್ಪೇತಿ" ಅಂದರು.

1.1 ಅಂದರೆ ಗಾಲಿ ನಡುವಿನಿಂದ ಅರ್ಧ ಮಿಲಿಮೀಟರ್‌ನಷ್ಟು ಸರಿದು ಕೂತಿದೆ. ಅರ್ಧ ಮಿಲಿಮೀಟರ್ ತಾನೇ ಅನಿಸುತ್ತೆ, ಅಲ್ವಾ? ಟೈರ್ ಸೇರಿ ಗಾಲಿ ಸುಮಾರು 16 ಕಿಲೋ. ಅಷ್ಟು ತೂಕ ಅರ್ಧ ಮಿಲಿಮೀಟರ್ ಸರಿದರೆ ರಿಮ್ ಅಂಚಿಗೆ 40 ಗ್ರಾಂ ಸೀಸ ಅಂಟಿಸಿದ್ದಕ್ಕೆ ಸಮ. 90ರ ವೇಗದಲ್ಲಿ ಈ ಗಾಲಿ ಸೆಕೆಂಡಿಗೆ 13 ಸಲ ಸುತ್ತುತ್ತೆ. ಗಣಪ ತಲೆ ಆಡಿಸದೆ ಏನು ಮಾಡಿಯಾನು? ಬ್ಯಾಲೆನ್ಸಿಂಗ್ ಮೆಷಿನ್ ಯಾಕೆ ಸೊನ್ನೆ ತೋರಿಸಿತು ಅನ್ನೋದೂ ಆಗ ತಿಳಿಯಿತು. ಮೆಷಿನ್ ಗಾಲಿಯನ್ನು ನಡುವಿನ ತೂತಿಗೆ ಕೋನ್ ಹಾಕಿ ಹಿಡಿಯುತ್ತೆ, ಅಲ್ಲಿ ಎಲ್ಲ ಸರಿಯೇ. ಕಾರಿನಲ್ಲಿ ಗಾಲಿ ಆ ತೂತಿನ ಮೇಲೆ ಕೂತೇ ಇಲ್ಲ.

ಇನ್ನೊಂದು ತಪ್ಪನ್ನು ಕಾಕಾ ನಟ್ ಕೈಗೆ ತಗೊಂಡು ತೋರಿಸಿದರು. ಅದನ್ನು ನೋಡಿ ನನಗೆ ನಿಜವಾಗಿಯೂ ಭಯ ಆಯಿತು. ಹೋಂಡಾದ ಕಂಪನಿ ನಟ್‌ಗಳ ಮೂತಿ ಗುಂಡಗೆ, ಚೆಂಡಿನ ಹಾಗೆ. ನನ್ನ ಅಲಾಯ್‌ನಲ್ಲಿ ನಟ್ ಕೂರುವ ಕುಳಿ 60 ಡಿಗ್ರಿ ಟೇಪರ್, ಅಂದರೆ ಆಲಿಕೆಯ ಹಾಗೆ ಇಳಿಜಾರು. ಅಲಾಯ್ ಹಾಕಿದ ಅಂಗಡಿಯವರು ಹಳೇ ನಟ್‌ಗಳನ್ನೇ ಬಿಗಿದು ಕಳಿಸಿದ್ದರು. ಕುಳಿಯ ಬಣ್ಣದಲ್ಲಿ ಕೂದಲೆಳೆಯಂಥ ಒಂದು ಗೆರೆ ಮಾತ್ರ ಸವೆದಿತ್ತು. ನಟ್ ರಿಮ್ಮನ್ನು ಮುಟ್ಟುತ್ತಿದ್ದದ್ದು ಅಷ್ಟೇ ಜಾಗದಲ್ಲಿ. ಇಂಥ ನಟ್ ಓಡ್ತಾ ಓಡ್ತಾ ಸಡಿಲ ಆಗುತ್ತೆ. ನಾನು ಸಂಸಾರ ಸಮೇತ ಬೆಳಗಾವಿಗೆ ಹೋಗಿ ಬಂದಿದ್ದೆ!

ಅವತ್ತೇ 12×1.5 ಥ್ರೆಡ್‌ನ ಟೇಪರ್ ನಟ್ 16 ತಂದೆ. ಮಾರುತಿ ಇದ್ದವರು ನೋಡಿ ತನ್ನಿ, ಅದರ ಥ್ರೆಡ್ 12×1.25. ಗಾಲಿ ನೆಲ ಮುಟ್ಟದಂತೆ ಎತ್ತಿಟ್ಟು, ನಾಲ್ಕೂ ನಟ್‌ಗಳನ್ನು ಬೆರಳಲ್ಲೇ ಕೊನೆತನಕ ಹಚ್ಚಿದೆ. ಆಮೇಲೆ ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದೆ. ಕೊನೆಯ ಬಿಗಿ ಗಾಡಿ ಇಳಿಸಿದ ಮೇಲೆ, ಬಿಗಿಯ ಅಳತೆ ತೋರಿಸುವ ಟಾರ್ಕ್ ವ್ರೆಂಚ್‌ನಲ್ಲಿ. ಗೇಜ್ ಇಟ್ಟರೆ ಮುಳ್ಳು 0.2 ಆಡಿತು. ರಿಂಗ್ ಇನ್ನೂ ಹಾಕಿರಲಿಲ್ಲ. ಬೈಪಾಸ್‌ನಲ್ಲಿ 100ಕ್ಕೂ ಸ್ಟೀರಿಂಗ್ ತಣ್ಣಗಿತ್ತು.

ಟೇಪರ್ ನಟ್ ತಾನೇ ಗಾಲಿಯನ್ನು ನಡುವಿಗೆ ಎಳೆಯುತ್ತೆ, ರಿಂಗ್ ಬೇಕಿಲ್ಲ ಅನ್ನುವವರ ಮಾತು ಸುಳ್ಳಲ್ಲ. ಎರಡು ತಿಂಗಳು ನಾನೂ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆಮೇಲೆ ಒಂದು ಪಂಕ್ಚರ್ ಆಯಿತು. ಅಂಗಡಿಯ ಹುಡುಗ ಗಾಲಿ ಹಾಕಿ, ಮೊದಲ ನಟ್ಟನ್ನೇ ಏರ್ ಗನ್‌ನಲ್ಲಿ ಗರ್ ಅಂತ ಪೂರ್ತಿ ಬಿಗಿದ. ಗಾಲಿ ಎಲ್ಲಿ ಜೋತಿತ್ತೋ ಅಲ್ಲೇ ಕಚ್ಚಿಕೊಂಡಿತು. ಉಳಿದ ಮೂರು ನಟ್ ಅದನ್ನು ಅಲುಗಿಸಲಾರವು. ಮರುದಿನ ಹೈವೇಯಲ್ಲಿ ಗಣಪ ಮತ್ತೆ ಶುರು. ಹುಡುಗನ ಮೇಲೆ ಸಿಟ್ಟು ಬರಲಿಲ್ಲ, ದಿನಕ್ಕೆ ಅದೆಷ್ಟು ಗಾಲಿ ಬಿಚ್ಚುತ್ತಾನೋ ಪಾಪ. ನಾನೇ ನಿಂತು ಬಿಗಿಸಿದರೆ ರಿಂಗ್ ಇಲ್ಲದೆ ನಡೆಯುತ್ತೆ. ಕಂಡವರೆಲ್ಲ ಬಿಗಿಸುವ ಗಾಡಿಗೆ ಬೇಕು. ಪೋಲೊ ತರಹ ಸ್ಟಡ್ ಇಲ್ಲದೆ ಬೋಲ್ಟ್ ಹಾಕುವ ಗಾಡಿಗಂತೂ ನಾನು ಎರಡನೇ ಯೋಚನೆ ಮಾಡೋದಿಲ್ಲ. ಅಲ್ಲಿ ಗಾಲಿಯನ್ನು ತೂಗುಹಾಕಲು ಹಬ್‌ನ ಮೂತಿ ಬಿಟ್ಟು ಬೇರೇನೂ ಇಲ್ಲ.

ಕಾಕಾ ಅಲ್ಯೂಮಿನಿಯಂನಲ್ಲಿ ನಾಲ್ಕು ರಿಂಗ್ ಕಡೆದು ಕೊಟ್ಟರು. ಒಳಗೆ 56.1, ಹೊರಗೆ 73. ಕೈಯಲ್ಲಿ ಒತ್ತಿದರೆ ಕೂರಬೇಕು, ಸುತ್ತಿಗೆ ಮುಟ್ಟಬಾರದು ಅಂತ ಎಚ್ಚರಿಕೆ ಬೇರೆ. ಹಬ್‌ನ ತುಕ್ಕನ್ನು ತಂತಿ ಬ್ರಶ್‌ನಲ್ಲಿ ಉಜ್ಜಿ ಹಾಕಿದೆ. ನಡುಕ ಹೋಯಿತು. ಆಮೇಲೆ ಯಾರು ಬಿಗಿದರೂ ಬರಲಿಲ್ಲ.

ಒಂದು ಮಳೆಗಾಲ ಕಳೆಯಿತು. ರಾತ್ರಿ ಹತ್ತು ಗಂಟೆ, ಕಿತ್ತೂರು ದಾಟಿದ ಮೇಲೆ ಮುಂದಿನ ಟೈರ್ ಹೋಯಿತು. ಅಲಾಯ್ ಬಿಚ್ಚಿದೆ, ಸ್ಟೆಪ್ನಿ ಎತ್ತಿ ಹಚ್ಚಿದೆ. ಕೂರಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ರಿಂಗ್ ಹಬ್‌ಗೇ ಅಂಟಿಕೊಂಡಿದೆ. ಸ್ಟೀಲ್ ರಿಮ್‌ನ ತೂತು 56.1, ರಿಂಗ್‌ನ ಹೊರಮೈ 73. ಹೇಗೆ ಕೂರುತ್ತೆ? ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ನಡುವೆ ನೀರು ಸೇರಿ ಬೆಸುಗೆ ಹಾಕಿದಂತೆ ಹಿಡಿದಿತ್ತು. ಸ್ಕ್ರೂಡ್ರೈವರ್, ಕಲ್ಲು, ಒಂದಷ್ಟು ಬೈಗುಳ ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಸ್ಟೆಪ್ನಿಯ ಕುಳಿ ಗುಂಡಗಿನದು, ನನ್ನ ಹತ್ತಿರ ಇರೋದು ಟೇಪರ್ ನಟ್! ಹಳೇ ನಟ್‌ಗಳು ಮನೆಯ ಅಟ್ಟದ ಮೇಲೆ. ಟೇಪರ್ ನಟ್ಟನ್ನೇ ಹಚ್ಚಿ, ಎರಡು ಸಲ ನಿಂತು ಬಿಗಿ ನೋಡಿಕೊಳ್ಳುತ್ತಾ, 30ರ ವೇಗದಲ್ಲಿ ಹತ್ತಿರದ ಪಂಕ್ಚರ್ ಅಂಗಡಿ ಸೇರಿದೆ.

ಈಗ ಪ್ಲಾಸ್ಟಿಕ್ ರಿಂಗ್ ಹಾಕಿದ್ದೇನೆ. ಕಾಕಾಗೆ ಇನ್ನೂ ಹೇಳಿಲ್ಲ. ಭಾರ ಹೊರದ ವಸ್ತುವಿಗೆ ಪ್ಲಾಸ್ಟಿಕ್ ಸಾಕು, ತುಕ್ಕಿಗೂ ಅಂಟೋದಿಲ್ಲ. ಘಾಟಿಯಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದು ಇಳಿದರೆ ಬಿಸಿಗೆ ಮೆತ್ತಗಾಗಬಹುದು. ನನ್ನವು ಇನ್ನೂ ಆಗಿಲ್ಲ. ಹಬ್‌ನ ಮೂತಿಗೆ ಬೆರಳ ತುದಿಯಷ್ಟು ಗ್ರೀಸ್ ಸವರುತ್ತೇನೆ, ಸ್ಟಡ್‌ಗೂ ರಿಮ್ ಕೂರುವ ಚಪ್ಪಟೆ ಮೈಗೂ ತಾಗದಂತೆ. ಗಾಲಿ ಬಿಚ್ಚಿದರೆ ರಿಂಗ್ ಅದರ ಜೊತೆಗೇ ಬರುತ್ತೆ. ಬರದಿದ್ದರೆ ಅಂಗಡಿಯ ಹುಡುಗನಿಗೆ "ಆ ಕರಿ ಬಳೆ ಒಗೀಬ್ಯಾಡಪಾ" ಅಂತ ಕೂಗುತ್ತೇನೆ. ಹಳೇ ಗುಂಡು ನಟ್ ನಾಲ್ಕು ಈಗ ಸ್ಟೆಪ್ನಿಯ ಹೊಟ್ಟೆಯಲ್ಲೇ ಇವೆ, ಮಗನ ಹಳೇ ಕಾಲುಚೀಲವೊಂದರಲ್ಲಿ ಕಟ್ಟಿ ಇಟ್ಟಿದ್ದೇನೆ.