ಪಿಕಪ್ ಟ್ರಕ್‌ಗೆ ಕೋಲ್ಡ್ ಏರ್ ಇನ್‌ಟೇಕ್ ಬೇಕೇ? ಕೊಳ್ಳುವ ಮುನ್ನ ಅಳೆದು ತಿಳಿಯುವ ಬಗೆ

ಪಿಕಪ್ ಟ್ರಕ್ ಕೊಂಡವರು ಎಂಜಿನ್‌ಗೆ ಏನಾದರೂ ಹೊಸದನ್ನು ಜೋಡಿಸಬೇಕೆಂದು ಹೊರಟಾಗ ಬಹಳ ಮಂದಿಯ ಕಣ್ಣಿಗೆ ಮೊದಲು ಬೀಳುವುದು ಕೋಲ್ಡ್ ಏರ್ ಇನ್‌ಟೇಕ್. ತಯಾರಕರು ಕೂರಿಸಿದ ಪ್ಲಾಸ್ಟಿಕ್ ಏರ್ ಬಾಕ್ಸನ್ನು ತೆಗೆದು, ಅದರ ಜಾಗದಲ್ಲಿ ಒಳಮೈ ನುಣುಪಾದ ಅಗಲ ಕೊಳವೆಯನ್ನೂ ಶಂಕುವಿನ ಆಕಾರದ ಫಿಲ್ಟರನ್ನೂ ಜೋಡಿಸುವ ಈ ಕಿಟ್‌ಗಳು ಹೆಚ್ಚಿನ ಹಾರ್ಸ್‌ಪವರ್, ಹೆಚ್ಚಿನ ಮೈಲೇಜ್ ಮತ್ತು ಗಟ್ಟಿಯಾದ ಸದ್ದು ಎಂಬ ಮೂರು ಭರವಸೆಗಳನ್ನು ಕೊಡುತ್ತವೆ. ಇವುಗಳಲ್ಲಿ ಸದ್ದಿನ ಭರವಸೆಯೊಂದೇ ಹೆಚ್ಚುಕಡಿಮೆ ಎಲ್ಲ ವಾಹನಗಳಲ್ಲೂ ಈಡೇರುತ್ತದೆ. ಹಾರ್ಸ್‌ಪವರ್ ಎಷ್ಟು ಹೆಚ್ಚುತ್ತದೆ ಎಂಬುದು, ಈಗಿರುವ ವ್ಯವಸ್ಥೆಯಲ್ಲಿ ಎಷ್ಟು ನಷ್ಟವಾಗುತ್ತಿದೆ ಎಂಬುದರ ಮೇಲೆ ನಿಂತಿದೆ. ಆ ನಷ್ಟಕ್ಕಿಂತ ಹೆಚ್ಚಿನದನ್ನು ಯಾವ ಕಿಟ್ ಕೂಡ ಮರಳಿ ಕೊಡಲಾರದು. ನಷ್ಟ ಎಷ್ಟೆಂಬುದನ್ನು ವಾಹನದ ಮಾಲೀಕರೇ ಅಳೆದು ತಿಳಿಯಬಹುದಾದ್ದರಿಂದ, ಜಾಹೀರಾತಿನ ಅಂಕಿಗಳಿಂದಲ್ಲದೆ ಈ ಅಳತೆಯಿಂದಲೇ ಶುರುಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ: ಈಗ ಗಾಳಿ ಎಲ್ಲಿಂದ ಬರುತ್ತಿದೆ ಎಂದು ನೋಡಿ

ಎಂಜಿನ್ ತಣ್ಣಗಿರುವಾಗ ಬಾನೆಟ್ ತೆರೆದು, ಥ್ರಾಟಲ್ ಬಾಡಿಯಿಂದ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟವಿರುವ ಭಾಗ) ಹಿಂದಕ್ಕೆ ಕೊಳವೆಯ ಜಾಡನ್ನು ಹಿಡಿಯಿರಿ. ಏರ್ ಬಾಕ್ಸಿನಿಂದ ಹೊರಟ ಮೂತಿ ಗ್ರಿಲ್‌ನ ಹಿಂಬದಿಗೋ ಫೆಂಡರ್‌ನ ಒಳಗಿನ ಪೊಳ್ಳಿಗೋ ತೆರೆದುಕೊಂಡಿದ್ದರೆ, ನಿಮ್ಮ ಟ್ರಕ್ ಈಗಾಗಲೇ ಹೊರಗಿನ ತಂಪು ಗಾಳಿಯನ್ನೇ ಎಳೆದುಕೊಳ್ಳುತ್ತಿದೆ. ಇಂದಿನ ಬಹುಪಾಲು ಪಿಕಪ್‌ಗಳ ಸ್ಥಿತಿ ಇದೇ. ಕೊಳವೆಯ ಪಕ್ಕದಲ್ಲಿ ಉಬ್ಬಿಕೊಂಡಿರುವ ಖಾಲಿ ಡಬ್ಬಿಯಂಥ ಭಾಗ ಕಂಡರೆ ಅದು ರೆಸೊನೇಟರ್. ಗಾಳಿಯ ಹರಿವಿಗೆ ಅದು ಅಡ್ಡಿಯಲ್ಲ, ಕೆಲವು ಆವರ್ತನಗಳ ಸದ್ದನ್ನು ಅಡಗಿಸುವುದಷ್ಟೇ ಅದರ ಮುಖ್ಯ ಕೆಲಸ. ಕಿಟ್ ಹಾಕಿದ ಮೇಲೆ ಕೇಳಿಬರುವ ಗರ್ಜನೆಗೆ ಈ ಡಬ್ಬಿ ಇಲ್ಲವಾದದ್ದು ಒಂದು ದೊಡ್ಡ ಕಾರಣ, ಮತ್ತು ಆ ಗರ್ಜನೆಯನ್ನೇ ವೇಗವೆಂದು ನಂಬುವುದು ಬಹಳ ಸುಲಭ.

ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗಳ ಮಾತು ಬೇರೆ. ಎಂಜಿನ್‌ನ ನೆತ್ತಿಯ ಮೇಲೆ ಕುಳಿತು, ಬಾನೆಟ್ ಕೆಳಗಿನ ಬಿಸಿ ಗಾಳಿಯನ್ನೇ ಸೇದುವ ದುಂಡು ಏರ್ ಕ್ಲೀನರ್ ಇದ್ದಲ್ಲಿ, ಹೊರಗಿನ ಗಾಳಿಯನ್ನು ಕೊಳವೆಯ ಮೂಲಕ ತರುವುದರಿಂದ ನಿಜವಾದ ಲಾಭವಿದೆ.

ಎರಡನೆಯ ಹೆಜ್ಜೆ: ತಾಪಮಾನವನ್ನು ಅಳೆಯಿರಿ

ತಂಪು ಗಾಳಿ ಹೆಚ್ಚು ಸಾಂದ್ರವಾಗಿರುತ್ತದೆ ಎಂಬುದು ನಿಜವೇ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಾಪಮಾನ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಶೇ 3ರಷ್ಟು ಇಳಿಯುತ್ತದೆ. ಶಕ್ತಿಯಲ್ಲಿ ಆಗುವ ಇಳಿಕೆ ಇದಕ್ಕಿಂತಲೂ ಕಡಿಮೆ, ಏಕೆಂದರೆ ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕವಲು ಕೊಳವೆ) ಮತ್ತು ಸಿಲಿಂಡರ್ ಹೆಡ್‌ನ ಬಿಸಿ ಗೋಡೆಗಳನ್ನು ಹಾಯುವಾಗ ತಂಪು ಗಾಳಿಯೂ ಒಂದಷ್ಟು ಕಾಯುತ್ತದೆ. ಹಾಗಾಗಿ ಈಗ ಒಳಬರುವ ಗಾಳಿ ಹೊರಗಿನದಕ್ಕಿಂತ ಎಷ್ಟು ಬಿಸಿಯಾಗಿದೆ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಇದಕ್ಕೆ ವಾಹನದ ಕಂಪ್ಯೂಟರಿನ ಅಂಕಿಗಳನ್ನು ಓದಲು ಇರುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಸಾಮಾನ್ಯ ಸ್ಕ್ಯಾನರ್ ಸಾಕು. ಇನ್‌ಟೇಕ್ ಗಾಳಿಯ ತಾಪಮಾನವನ್ನೂ ಹೊರಗಿನ ತಾಪಮಾನವನ್ನೂ ಒಟ್ಟಿಗೆ ದಾಖಲಿಸುವಂತೆ ಇಟ್ಟು, ಎಂಜಿನ್ ಪೂರ್ತಿ ಕಾದ ಮೇಲೆ ಹೆದ್ದಾರಿಯಲ್ಲಿ ಸ್ಥಿರ ವೇಗದಲ್ಲೊಮ್ಮೆ, ಭಾರ ಎಳೆಯುತ್ತ ಏರು ಹತ್ತುವಾಗಲೊಮ್ಮೆ, ದಟ್ಟಣೆಯಲ್ಲಿ ನಿಂತು ಹೊರಡುವಾಗ ಮತ್ತೊಮ್ಮೆ ಅಂಕಿಗಳನ್ನು ನೋಡಿ. ಸ್ಕ್ಯಾನರನ್ನು ಓದುವ ಕೆಲಸ ಪಕ್ಕದಲ್ಲಿ ಕುಳಿತವರದಾಗಲಿ, ಚಾಲಕರ ಗಮನ ರಸ್ತೆಯ ಮೇಲೇ ಇರಲಿ. ಚಲಿಸುವಾಗ ಎರಡು ಅಂಕಿಗಳ ನಡುವೆ ಐದಾರು ಡಿಗ್ರಿಗಳಷ್ಟೇ ವ್ಯತ್ಯಾಸವಿದ್ದರೆ, ತಂಪಿನ ಹೆಸರಿನಲ್ಲಿ ಕೊಳ್ಳಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ನಿಂತಿರುವಾಗ ವ್ಯತ್ಯಾಸ ದೊಡ್ಡದಾಗಿ ಕಾಣುವುದು ಸಹಜ. ಎಂಜಿನ್‌ನ ಶಾಖ ಸುತ್ತಲೂ ಕವಿದಿರುತ್ತದೆ, ಸೆನ್ಸರ್ ಕೂಡ ಕಾದಿರುತ್ತದೆ. ಆದರೆ ಆ ಹೊತ್ತಿನಲ್ಲಿ ಎಂಜಿನ್‌ನಿಂದ ಯಾರೂ ಪೂರ್ಣ ಶಕ್ತಿಯನ್ನು ಕೇಳುವುದಿಲ್ಲ.

ಕಿಟ್‌ಗಳಲ್ಲೇ ಒಂದು ದೊಡ್ಡ ಭೇದವಿದೆ. ಫಿಲ್ಟರ್ ಎಂಜಿನ್ ಕೋಣೆಯೊಳಗೆ ತೆರೆದುಕೊಂಡಿದ್ದು, ಒಂದು ಬದಿಗೆ ಮಾತ್ರ ತಗಡಿನ ಮರೆಯಿದ್ದರೆ, ಅದು ಮೂಲ ಏರ್ ಬಾಕ್ಸಿಗಿಂತ ಬಿಸಿಯಾದ ಗಾಳಿಯನ್ನು ಸೇದುವ ಸಾಧ್ಯತೆಯೇ ಹೆಚ್ಚು. ನಿಧಾನವಾಗಿ, ಭಾರ ಹೊತ್ತು ಏರು ಹತ್ತುವ ಪಿಕಪ್‌ನಲ್ಲಂತೂ ಇದು ಎದ್ದು ಕಾಣುತ್ತದೆ.

ಮೂರನೆಯ ಹೆಜ್ಜೆ: ಒತ್ತಡದ ನಷ್ಟವನ್ನು ಅಳೆಯಿರಿ

ಇಡೀ ವಿಷಯದ ತಿರುಳು ಇಲ್ಲಿದೆ. 5 ಲೀಟರ್ ಸಾಮರ್ಥ್ಯದ ನಾಲ್ಕು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 5500 ಸುತ್ತು ತಿರುಗುವಾಗ, ಸಿಲಿಂಡರ್‌ಗಳು ಪೂರ್ತಿ ತುಂಬುತ್ತವೆಂದು ಭಾವಿಸಿದರೆ, ನಿಮಿಷಕ್ಕೆ ಸುಮಾರು 13,750 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೂತಿ, ಬಾಕ್ಸ್, ಫಿಲ್ಟರ್, ಕೊಳವೆ ಇವುಗಳನ್ನು ಹಾದು ಬರುವಷ್ಟರಲ್ಲಿ ಗಾಳಿಯ ಒತ್ತಡ ಸ್ವಲ್ಪ ಕುಸಿಯುತ್ತದೆ. ವಾತಾವರಣದ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, ಅದರಲ್ಲಿ 2.5 ಕಿಲೋಪಾಸ್ಕಲ್ ದಾರಿಯಲ್ಲಿ ಕಳೆದುಹೋದರೆ ನಷ್ಟ ಸುಮಾರು ಶೇ 2.5. 300 ಹಾರ್ಸ್‌ಪವರ್ ಎಂಜಿನ್‌ನಲ್ಲಿ, ಫಿಲ್ಟರನ್ನೇ ಕಿತ್ತುಹಾಕಿ ಎಲ್ಲ ಅಡ್ಡಿಯನ್ನೂ ಇಲ್ಲವಾಗಿಸಿದರೂ ಮರಳಿ ಸಿಗುವುದು ಏಳೆಂಟು ಹಾರ್ಸ್‌ಪವರ್ ಮಾತ್ರ. ಒಳ್ಳೆಯ ಕಿಟ್ ಈ ನಷ್ಟದ ಒಂದು ಭಾಗವನ್ನಷ್ಟೇ ಉಳಿಸಬಲ್ಲದು.

ಅಳೆಯುವ ದಾರಿ ಎರಡಿವೆ. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇಲ್ಲದ, ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇರುವ ಎಂಜಿನ್‌ನಲ್ಲಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಸ್ಕ್ಯಾನರ್‌ನಲ್ಲಿ ಆ ಒತ್ತಡವನ್ನು ಓದಿಕೊಳ್ಳಿ. ಅದು ಅಲ್ಲಿನ ವಾತಾವರಣದ ಒತ್ತಡ. ಬಳಿಕ ಸುರಕ್ಷಿತವಾದ ತೆರೆದ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಎಂಜಿನ್ ಗರಿಷ್ಠ ಶಕ್ತಿಯ ವೇಗವನ್ನು ಮುಟ್ಟಿದಾಗಿನ ಓದನ್ನು ದಾಖಲಿಸಿ. ಎರಡರ ವ್ಯತ್ಯಾಸದಲ್ಲಿ ಥ್ರಾಟಲ್ ಬಾಡಿಯ ನಷ್ಟವೂ ಸೇರಿರುತ್ತದಾದ್ದರಿಂದ, ಕಿಟ್‌ನ ಲಾಭ ಅದಕ್ಕಿಂತ ಕಡಿಮೆಯೇ ಇರುತ್ತದೆ. ಸಾಮಾನ್ಯ ಒಬಿಡಿ ಓದು 1 ಕಿಲೋಪಾಸ್ಕಲ್‌ಗಿಂತ ಸೂಕ್ಷ್ಮವಾಗಿರುವುದಿಲ್ಲ ಎಂಬುದನ್ನೂ ನೆನಪಿಡಿ.

ಹೆಚ್ಚು ನಿಖರವಾದ ದಾರಿ ಒತ್ತಡದ ವ್ಯತ್ಯಾಸವನ್ನು ಅಳೆಯುವ ಮ್ಯಾನೊಮೀಟರಿನದು. ಫಿಲ್ಟರ್ ಮತ್ತು ಥ್ರಾಟಲ್ ನಡುವಿನ ಕೊಳವೆಯಲ್ಲಿ ಇರುವ ಯಾವುದಾದರೂ ಸಣ್ಣ ಕವಲಿಗೆ ತೆಳುವಾದ ಪೈಪನ್ನು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಡಿಜಿಟಲ್ ಮ್ಯಾನೊಮೀಟರ್‌ಗೆ ಸೇರಿಸಬೇಕು. ಯು ಆಕಾರದ ನೀರಿನ ಪೈಪಿನಲ್ಲೂ ಅಳೆಯಬಹುದು, 1 ಕಿಲೋಪಾಸ್ಕಲ್ ಎಂದರೆ ಸುಮಾರು 10 ಸೆಂಟಿಮೀಟರ್ ನೀರಿನ ಎತ್ತರ. ಆದರೆ ಪೈಪ್ ಗಿಡ್ಡವಾಗಿದ್ದರೆ ಎಂಜಿನ್ ಆ ನೀರನ್ನೇ ಎಳೆದುಕೊಂಡೀತೆಂಬ ಕಾರಣಕ್ಕೆ ನಾನು ಡಿಜಿಟಲ್ ಸಾಧನವನ್ನೇ ಸೂಚಿಸುತ್ತೇನೆ. ಫಿಲ್ಟರ್‌ನ ಆಚೆಗೊಮ್ಮೆ, ಈಚೆಗೊಮ್ಮೆ ಅಳೆದರೆ ನಷ್ಟ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಬಹುಪಾಲು ಫಿಲ್ಟರ್‌ನಲ್ಲೇ ಆಗುತ್ತಿದ್ದರೆ ಹೊಸ ಕಾಗದದ ಫಿಲ್ಟರ್ ಸಾಕು. ಮೂತಿಯಲ್ಲಿ ಒಣ ಎಲೆಗಳೋ ಇಲಿಯ ಗೂಡೋ ಸಿಕ್ಕಿಕೊಂಡಿದ್ದರೆ ಅದನ್ನು ತೆಗೆಯುವುದೇ ಪರಿಹಾರ.

ಟರ್ಬೊ ಎಂಜಿನ್‌ಗಳಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಟರ್ಬೊದ ಮುಂದೆ ಅಡ್ಡಿಯಿದ್ದರೆ, ಗೊತ್ತುಮಾಡಿದ ಒತ್ತಡವನ್ನು ಮುಟ್ಟಲು ಅದು ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, ಗಾಳಿಯೂ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿಯ ಬಹುಪಾಲನ್ನು, ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೀರಿಕೊಳ್ಳುತ್ತದೆ, ಮತ್ತು ಎಂಜಿನ್‌ನ ಕಂಪ್ಯೂಟರ್ ತನಗೆ ಗೊತ್ತುಮಾಡಿದ ಟಾರ್ಕ್ ಮಿತಿಯನ್ನು ಮೀರಲು ಬಿಡುವುದಿಲ್ಲ. ಟ್ಯೂನಿಂಗ್, ಅಂದರೆ ಆ ಕಂಪ್ಯೂಟರಿನ ಹೊಂದಾಣಿಕೆ, ಬದಲಿಸದಿದ್ದರೆ ಲಾಭ ಚಿಕ್ಕದು. ಬದಲಿಸಿ ಗಾಳಿಯ ಹರಿವನ್ನು ಬಹಳವಾಗಿ ಹೆಚ್ಚಿಸಿದಾಗ ಮಾತ್ರ ದೊಡ್ಡ ಇನ್‌ಟೇಕ್ ಅಗತ್ಯವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಮೈಲೇಜ್ ಭರವಸೆಯನ್ನು ಲೆಕ್ಕದಿಂದ ತೆಗೆಯಿರಿ

ಪೆಟ್ರೋಲ್ ಎಂಜಿನ್ ಸ್ಥಿರ ವೇಗದಲ್ಲಿ ಓಡುವಾಗ ಥ್ರಾಟಲ್ ಕವಾಟ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಒಳಗಿನ ಬಾಗಿಲು ಅರೆಮುಚ್ಚಿರುವ ಮನೆಗೆ ಹೆಬ್ಬಾಗಿಲನ್ನು ಅಗಲ ಮಾಡಿಸಿದಂತೆ, ಅದಕ್ಕೂ ಮುಂದಿರುವ ಫಿಲ್ಟರ್‌ನ ಅಡ್ಡಿಯನ್ನು ತಗ್ಗಿಸಿದರೆ ಒಳಗೆ ಬರುವ ಗಾಳಿಯಲ್ಲಿ ವ್ಯತ್ಯಾಸವಾಗುವುದಿಲ್ಲ. ಅದೂ ಅಲ್ಲದೆ ಒತ್ತಡದ ನಷ್ಟ ಹೆಚ್ಚುಕಡಿಮೆ ಹರಿವಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಹರಿವು ಗರಿಷ್ಠದ ಆರನೆಯ ಒಂದು ಭಾಗಕ್ಕೆ ಇಳಿದಾಗ ನಷ್ಟ ಮೂವತ್ತಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಧುನಿಕ ಪೆಟ್ರೋಲ್ ವಾಹನಗಳಿಗೆ ಕಟ್ಟಿಕೊಂಡ ಫಿಲ್ಟರ್ ಹಾಕಿದಾಗಲೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ, ವೇಗವರ್ಧನೆ ಮಾತ್ರ ಕುಗ್ಗಿತು. ಕಟ್ಟಿಕೊಂಡ ಫಿಲ್ಟರೇ ಇಂಧನವನ್ನು ಹೆಚ್ಚು ಕುಡಿಯದಿದ್ದಾಗ, ಶುದ್ಧ ಫಿಲ್ಟರನ್ನು ಇನ್ನೂ ಸಲೀಸಾದ ಫಿಲ್ಟರ್‌ಗೆ ಬದಲಿಸಿ ಇಂಧನ ಉಳಿಸುವುದು ಹೇಗೆ?

ಐದನೆಯ ಹೆಜ್ಜೆ: ಕಳೆದುಕೊಳ್ಳುವುದನ್ನೂ ತೂಗಿ ನೋಡಿ

ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿಯಿರುವುದು ಧೂಳಿನ ಬಗ್ಗೆ. ಪಿಕಪ್‌ಗಳು ಮಣ್ಣಿನ ದಾರಿಯಲ್ಲಿ ಓಡುತ್ತವೆ, ಕಟ್ಟಡ ಕೆಲಸದ ಜಾಗಗಳಲ್ಲಿ ನಿಲ್ಲುತ್ತವೆ. ಮರಳಿನ ಸೂಕ್ಷ್ಮ ಕಣಗಳು ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ಮತ್ತು ಟರ್ಬೊದ ರೆಕ್ಕೆಗಳನ್ನು ಸದ್ದಿಲ್ಲದೆ ಸವೆಸುತ್ತವೆ, ಆ ಸವೆತ ಗೊತ್ತಾಗುವ ಹೊತ್ತಿಗೆ ಸರಿಪಡಿಸುವ ಕಾಲ ಮೀರಿರುತ್ತದೆ. ಗಾಳಿ ಸಲೀಸಾಗಿ ಹಾಯುವ ಫಿಲ್ಟರ್‌ನಲ್ಲಿ ಧೂಳೂ ಸಲೀಸಾಗಿ ಹಾಯುವ ಅಪಾಯವಿದೆ. ಹಾಗಾಗಿ ತಯಾರಕರು ಏರ್ ಫಿಲ್ಟರ್ ಪರೀಕ್ಷೆಗೆಂದೇ ಇರುವ ಐಎಸ್‌ಒ 5011 ಮಾನದಂಡದ ಪ್ರಕಾರ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು, ಅಂದರೆ ಧೂಳು ತಡೆಯುವ ಪ್ರಮಾಣವನ್ನೂ ಒತ್ತಡದ ನಷ್ಟವನ್ನೂ, ಪ್ರಕಟಿಸಿದ್ದಾರೆಯೇ ಎಂದು ನೋಡಿ. ಪ್ರಕಟಿಸದ ಕಿಟ್ ಅನ್ನು ನಾನಾದರೆ ಕೊಳ್ಳುವುದಿಲ್ಲ.

ಎರಡನೆಯದು ಮಾಸ್ ಏರ್‌ಫ್ಲೋ ಸೆನ್ಸರ್. ಕಾದ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ಹರಿವನ್ನು ಅಳೆಯುವ ಈ ಸೆನ್ಸರಿನ ಲೆಕ್ಕಾಚಾರ ನಿರ್ದಿಷ್ಟ ವ್ಯಾಸದ ಕೊಳವೆಗೆ ಹೊಂದಿಸಿದ್ದು. ವ್ಯಾಸ ಬದಲಾದರೆ ಸೆನ್ಸರ್ ತಪ್ಪು ಓದುತ್ತದೆ, ವ್ಯಾಸ ಹೆಚ್ಚಾಗಿದ್ದರೆ ಇಂಧನದ ಮಿಶ್ರಣ ತೆಳುವಾಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗುತ್ತದೆ), ಪಿ0171 ಅಥವಾ ಪಿ0174 ಎಂಬ ದೋಷ ಸಂಕೇತಗಳು ಹೊಳೆಯತೊಡಗುತ್ತವೆ. ಕಿಟ್ ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಗಾಳಿಯ ಹರಿವಿನ ಅಂಕಿ ಹೆಚ್ಚಾಗಿ ಕಂಡರೆ ಅದನ್ನು ಲಾಭದ ಸಾಕ್ಷಿಯೆಂದು ಒಪ್ಪಲಾಗದು ಎಂಬುದಕ್ಕೂ ಇದೇ ಕಾರಣ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್‌ಗೆ ಎಣ್ಣೆ ಹೆಚ್ಚಾದರೆ ಅದೂ ತಂತಿಯ ಮೇಲೆ ಕೂರಬಹುದು. ಫಿಲ್ಟರ್ ಬಂಪರ್‌ನ ಮಟ್ಟಕ್ಕೆ ಕೆಳಗಿಳಿಯುವ ವಿನ್ಯಾಸವಾದರೆ ನೀರಿನಲ್ಲಿ ಇಳಿದಾಗ ಎಂಜಿನ್ ನೀರನ್ನೇ ಸೇದಬಹುದು. ನೀರು ಸಂಕುಚಿಸುವುದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವಾರಂಟಿಯ ಷರತ್ತುಗಳನ್ನೂ ಮಾಲಿನ್ಯ ನಿಯಮಗಳನ್ನೂ ಮೊದಲೇ ಓದಿಕೊಳ್ಳಿ.

ಆರನೆಯ ಹೆಜ್ಜೆ: ತೀರ್ಮಾನಿಸಿ, ಬೇಕಿದ್ದರೆ ಜೋಡಿಸಿ

ಅಳತೆಯಲ್ಲಿ ನಷ್ಟ ಶೇ 2ರ ಒಳಗಿದ್ದರೆ, ಟ್ರಕ್ ಮೂಲ ಟ್ಯೂನಿಂಗ್‌ನಲ್ಲೇ ಇದ್ದರೆ, ಕಿಟ್ ಬೇಡವೆಂಬುದೇ ನನ್ನ ಸಲಹೆ. ಎಂಜಿನ್‌ಗೆ ಸೂಪರ್‌ಚಾರ್ಜರ್ ಅಥವಾ ದೊಡ್ಡ ಟರ್ಬೊ ಜೋಡಿಸಿ ಹೊಸದಾಗಿ ಟ್ಯೂನ್ ಮಾಡಿಸುವವರಿಗೆ ಅದು ಸಾರ್ಥಕ. ಸದ್ದಿಗಾಗಿಯೇ ಬೇಕೆನ್ನುವವರು ಹಾಗೆಂದೇ ತಿಳಿದು ಕೊಳ್ಳಲಿ, ಆದರೆ ಮುಚ್ಚಿದ ಬಾಕ್ಸ್ ಇರುವ ಕಿಟ್ ಅನ್ನೇ ಆರಿಸಿಕೊಳ್ಳಲಿ.

ಜೋಡಿಸುವಾಗ ಎಂಜಿನ್ ತಣಿದಿರಲಿ, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ. ಸೆನ್ಸರಿನ ತಂತಿಯನ್ನು ಮುಟ್ಟದೆ ಹೊರತೆಗೆದು, ಬಾಣದ ಗುರುತು ಎಂಜಿನ್ ಕಡೆಗಿರುವಂತೆ ಹೊಸ ಕೊಳವೆಯಲ್ಲಿ ಕೂರಿಸಿ. ಕ್ರ್ಯಾಂಕ್‌ಕೇಸ್‌ನಿಂದ ಬರುವ ಗಾಳಿಯ ಪೈಪನ್ನು ಮರೆಯದೆ ಜೋಡಿಸಿ, ಏಕೆಂದರೆ ಸೆನ್ಸರ್ ದಾಟಿದ ಮೇಲೆ ಎಲ್ಲೇ ಬಿರುಕಿದ್ದರೂ ಅಳತೆಗೆ ಸಿಗದ ಗಾಳಿ ಒಳನುಗ್ಗುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಕೆಲವು ದಿನ ಓಡಿಸಿದ ಬಳಿಕ ದೀರ್ಘಾವಧಿಯ ಫ್ಯುಯೆಲ್ ಟ್ರಿಮ್ (ಮಿಶ್ರಣವನ್ನು ಸರಿಪಡಿಸಲು ಕಂಪ್ಯೂಟರ್ ಇಂಧನದಲ್ಲಿ ಮಾಡುವ ಹೆಚ್ಚು ಕಡಿಮೆ) ಶೇ 10ನ್ನು ಮೀರಿದೆಯೇ ಎಂದು ಸ್ಕ್ಯಾನರ್‌ನಲ್ಲಿ ನೋಡಿ, ಎರಡು ಮತ್ತು ಮೂರನೆಯ ಹೆಜ್ಜೆಯ ಅಳತೆಗಳನ್ನು ಬಾನೆಟ್ ಮುಚ್ಚಿಯೇ ಮತ್ತೊಮ್ಮೆ ಮಾಡಿ. ಸುಮಾರು 500 ಕಿಲೋಮೀಟರ್ ಆದ ಮೇಲೆ ಕ್ಲ್ಯಾಂಪ್‌ಗಳನ್ನು ಬಿಗಿಮಾಡಿ, ಫಿಲ್ಟರ್ ದಾಟಿದ ಕೊಳವೆಯ ಒಳಮೈಯನ್ನು ಬಿಳಿಯ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಯ ಮೇಲೆ ಧೂಳು ಕಂಡರೆ ಮೊದಲು ಫಿಲ್ಟರ್ ಸರಿಯಾಗಿ ಕುಳಿತಿದೆಯೇ ಎಂದು ಪರೀಕ್ಷಿಸಿ. ಸರಿಯಾಗಿ ಕುಳಿತಿದ್ದೂ ಧೂಳು ಬರುತ್ತಿದ್ದರೆ ಕಿಟ್ ಅನ್ನು ಬಿಚ್ಚಿ, ಜೋಪಾನವಾಗಿಟ್ಟ ಮೂಲ ಏರ್ ಬಾಕ್ಸನ್ನೇ ಹೊಸ ಫಿಲ್ಟರ್‌ನೊಂದಿಗೆ ಮರಳಿ ಕೂರಿಸಿ.