ಸನ್ಯಾಸಿ ಏಡಿ ಸಾಕೋದಾದರೆ ಮರಳಿನಿಂದ ಶುರುಮಾಡಿ

ತಂತಿ ಪಂಜರದಲ್ಲಿಟ್ಟ ಸನ್ಯಾಸಿ ಏಡಿ (ಖಾಲಿ ಚಿಪ್ಪಿನೊಳಗೆ ಸೇರಿಕೊಂಡು ಬದುಕುವ ಹರ್ಮಿಟ್ ಕ್ರ್ಯಾಬ್) ನಿಧಾನವಾಗಿ ಉಸಿರುಗಟ್ಟಿ ಸಾಯುತ್ತದೆ. ನೆಲದ ಮೇಲೆ ಬದುಕಿದರೂ ಅದು ಉಸಿರಾಡುವುದು ಕಿವಿರಿನಿಂದಲೇ, ಕಿವಿರು ಸದಾ ಒದ್ದೆಯಾಗಿರಬೇಕು. ಗಾಳಿಯ ತೇವಾಂಶ ಶೇ. 75ರಿಂದ 85 ಬೇಕು. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದಲ್ಲಿ ಅದರ ಅರ್ಧವೂ ಇರುವುದಿಲ್ಲ. ಹಾಗಾಗಿ ಗಾಜಿನ ತೊಟ್ಟಿ, ಮೇಲೆ ಗಾಜಿನದೇ ಮುಚ್ಚಳ. ಜಾಲರಿ ಮುಚ್ಚಳ ಬೇಡ.

ಮೂರು ಸಣ್ಣ ಏಡಿಗಳಿಗೆ ನಾನು ಬಳಸುವುದು 60×30×40 ಸೆಂ.ಮೀ. ತೊಟ್ಟಿ. ಮರಳು 18 ಸೆಂ.ಮೀ. ಆಳ: ಐದು ಪಾಲು ತೊಳೆದ ನುಣುಪು ಮರಳು, ಒಂದು ಪಾಲು ಗೊಬ್ಬರ ಬೆರೆಸದ ಕೋಕೋಪೀಟ್. ಇಷ್ಟಕ್ಕೆ ಸುಮಾರು 45 ಕೆ.ಜಿ. ಮರಳು ಹಿಡಿಯುತ್ತದೆ, ಪ್ಲಾಸ್ಟಿಕ್ ಮೇಜು ತಡೆಯುವುದಿಲ್ಲ. ಎಂ-ಸ್ಯಾಂಡ್ ಮುಟ್ಟಬೇಡಿ, ಅದರ ಕಣಗಳು ಚೂಪು. ಉಪ್ಪುನೀರು (ಮುಂದೆ ಹೇಳಿರುವ ಮರೈನ್ ಉಪ್ಪಿನದು) ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಒಣಗಿದ್ದರೆ ಏಡಿ ಕೊರೆದ ಗವಿ ಅದರ ಮೇಲೇ ಕುಸಿಯುತ್ತದೆ.

ಆ ಗವಿಯಲ್ಲೇ ಅದು ಪೊರೆ ಕಳಚುವುದು. ಸಣ್ಣದಕ್ಕೆ ನಾಲ್ಕರಿಂದ ಎಂಟು ವಾರ, ದೊಡ್ಡದಕ್ಕೆ ತಿಂಗಳುಗಳೇ ಬೇಕು. ಕಾಣಿಸುತ್ತಿಲ್ಲ ಅಂತ ಅಗೆದರೆ ಮೆತ್ತನೆಯ ಮೈ ಹರಿಯುತ್ತದೆ, ಅಲ್ಲಿಗೆ ಮುಗಿಯಿತು. ಸತ್ತಿದ್ದರೆ ಕೊಳೆತ ಮೀನಿನ ವಾಸನೆಯೇ ಹೇಳುತ್ತದೆ. ಕಳಚಿದ ಪೊರೆಯನ್ನು ಏಡಿಯೇ ತಿನ್ನುತ್ತದೆ, ತೆಗೆಯಬೇಡಿ.

ನೀರಿನ ಬಟ್ಟಲು ಎರಡು: ಒಂದು ಸಿಹಿನೀರು, ಇನ್ನೊಂದು ಲೀಟರಿಗೆ 35 ಗ್ರಾಂ ಮರೈನ್ ಅಕ್ವೇರಿಯಂ ಉಪ್ಪು ಕರಗಿಸಿದ ನೀರು. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟಿಲ್ಲ. ನಲ್ಲಿ ನೀರಿಗೆ ಮೊದಲು ಡೀಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರಾವಣ) ಹಾಕಿ. ಬಟ್ಟಲು ಏಡಿ ಮುಳುಗುವಷ್ಟು ಆಳವಿರಲಿ, ಹತ್ತಿ ಬರಲು ಒಂದು ಒರಟು ಕಲ್ಲು ಇರಲೇಬೇಕು.

ಬಿಸಿಗೆ, 24ರಿಂದ 29 ಡಿಗ್ರಿ. ಡಿಸೆಂಬರ್ ರಾತ್ರಿಗಳಿಗೆ ಹೀಟ್ ಪ್ಯಾಡ್ ಬೇಕಾಗುತ್ತದೆ. ಅದನ್ನು ಹಿಂಬದಿಯ ಗಾಜಿಗೆ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ, ಥರ್ಮೋಸ್ಟಾಟ್ ಜೋಡಿಸಿ. ಅಡಿಯಲ್ಲಿಟ್ಟರೆ ಪೊರೆ ಕಳಚುತ್ತಿರುವ ಏಡಿ ಬೆಂದುಹೋಗುತ್ತದೆ. ತೇವಾಂಶ ಅಳೆಯುವ ಅಗ್ಗದ ಹೈಗ್ರೋಮೀಟರ್ ಸುಳ್ಳು ಹೇಳುವುದು ಜಾಸ್ತಿ. ಒದ್ದೆ ಮಾಡಿದ (ಕರಗಿಸಿದ್ದಲ್ಲ) ಅಡುಗೆ ಉಪ್ಪಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ, ಬೆಳಿಗ್ಗೆ 75 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಕೂಡಿ ಕಳೆದು ಓದಿಕೊಳ್ಳಿ. ತೇವಾಂಶ ಸದಾ 90 ದಾಟಿದ್ದರೆ ಹನಿ ಕಟ್ಟಿ ಇಳಿದು ತಳದಲ್ಲಿ ನೀರು ನಿಲ್ಲುತ್ತದೆ, ಮರಳು ಕೊಳೆತು ನಾರುತ್ತದೆ. ದಿನಾ ಸ್ಪ್ರೇ ಮಾಡುವವರ ತೊಟ್ಟಿ ಕೆಡುವುದು ಹೀಗೇ.

ಏಡಿಗೆ ತಲಾ ಮೂರು ನಾಲ್ಕು ಖಾಲಿ ಚಿಪ್ಪು ಇಡಿ. ಟರ್ಬೋ ಎಂಬ ಸಮುದ್ರದ ಬಸವನಹುಳುವಿನದು, ದುಂಡು ಬಾಯಿಯದು, ಈಗಿನದಕ್ಕಿಂತ ತುಸು ದೊಡ್ಡದು. ಬಣ್ಣ ಬಳಿದದ್ದು ಬೇಡವೇ ಬೇಡ, ಬಣ್ಣದ ಸಿಪ್ಪೆ ಹೊಟ್ಟೆಗೆ ಹೋಗುತ್ತದೆ. ಚಿಪ್ಪು ಸಾಲದಿದ್ದರೆ ಒಂದನ್ನೊಂದು ಎಳೆದು ಹಾಕುತ್ತವೆ.

ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ಅಲೆಯಂಚಿನ ನೀರಿನಲ್ಲಿ ಸಿಗುವವು ಹೆಚ್ಚಾಗಿ ಸಮುದ್ರವಾಸಿ ಜಾತಿಗಳು. ಈ ತೊಟ್ಟಿಯಲ್ಲಿ ಅವು ಬದುಕುವುದಿಲ್ಲ, ಅಲ್ಲೇ ಬಿಟ್ಟು ಬನ್ನಿ. ಖಾಲಿ ಚಿಪ್ಪುಗಳನ್ನೂ ಹೆಕ್ಕಬೇಡಿ, ಅಲ್ಲಿನ ಏಡಿಗಳಿಗೆ ಅವು ಬೇಕು.